ಮಹಾಲಿಂಗಯ್ಯನವರ ಬಾಡಿ

ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ರಂಗರಾಜುವನ್ನು ಧೈರ್ಯವಂತ ಎಂದು ಯಾರಾದರೂ ಹೊಗಳಿದರೆ ಅವನ ಹೆಂಡತಿ ಮಂಜುಳ ಬಿದ್ದು ಬಿದ್ದು ನಗುತ್ತಿದ್ದಳು. ಮೈಮೇಲೆ ಹಲ್ಲಿ ಬಿದ್ದರೆ ಅಂಗಡಿಗೆ ಬೀಗ ಹಾಕಿಕೊಂಡು ಮನೆಗೆ ಬರುವ ಆಸಾಮಿ ಅವನು. ಆದರೆ ತನ್ನ ಬಲಗಣ್ಣಿನ ಮೇಲೆ ಮಾತ್ರ ಅವನಿಗೆ ಎಲ್ಲಿಲ್ಲದ ನಂಬಿಕೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಹಚ್ಚಿ ನಡುವೆ ನೋಡಿದರೆ ಸಾಕು, ಸುತ್ತ ಯಾರಿದ್ದಾರೆ, ಯಾರು ಬೆನ್ನು ತಿರುಗಿಸಿದ್ದಾರೆ ಎಲ್ಲ ಅವನಿಗೆ ತಾನಾಗಿ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ಕಿಂಡಿಯಲ್ಲಿ ಕಾಣದ್ದು ಫೋಟೋದಲ್ಲಿ ಬರುವುದಿಲ್ಲ ಎನ್ನುವುದು ಅವನಿಗೆ ದೇವರ ಮೇಲಿಟ್ಟಂಥ ನಂಬಿಕೆಯಾಗಿತ್ತು.

ಹಾಗಿದ್ದವನು, ೨೦೦೭ರಲ್ಲಿ ದಸರೆಗೆ ಸ್ವಲ್ಪ ಮುಂಚೆ, ಹೆಬ್ಬೂರಿನ ಒಂದು ಮನೆಯ ತೊಟ್ಟಿಲು ಶಾಸ್ತ್ರದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ ಕೂತಾಗ, ಒಂದು ಫೋಟೋ ಬಂದದ್ದೇ ಮೌಸು ಬಿಟ್ಟು ಹಿಂದಕ್ಕೆ ಸರಿದ. ನಡುವೆ ತೊಟ್ಟಿಲು, ಸುತ್ತ ಹೆಂಗಸರು, ಎಲ್ಲ ಅವನು ಕಂಡಂತೆಯೇ ಇತ್ತು. ಆದರೆ ಎಡಗಡೆ ಗೋಡೆಗೆ ಒರಗಿಕೊಂಡು ಒಬ್ಬ ಮುದುಕಿ ಕೂತಿದ್ದಳು. ಬಿಳಿ ಸೀರೆ, ಬೋಳು ಹಣೆ. ನೇರವಾಗಿ ಅವನನ್ನೇ ನೋಡುತ್ತಿದ್ದಳು. ಕಿಂಡಿಯಲ್ಲಿ ನೋಡುವಾಗ ಅಲ್ಲಿ ಯಾರೂ ಇರಲಿಲ್ಲ. ಸುಣ್ಣದ ಗೋಡೆ ಬರೀ ಗೋಡೆಯಾಗಿಯೇ ಕಾಣಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಹೆಬ್ಬೂರಿಗೆ ಒಂದು ಫೋನ್ ಮಾಡಿ ಇವರು ಯಾರು ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಕಡೆಯಿಂದ, ‘ಅಯ್ಯೋ, ನಮ್ಮಜ್ಜಿ ಹೋಗಿ ಎಷ್ಟೋ ವರ್ಸ ಆಯ್ತಲ್ಲ’ ಎಂದು ಉತ್ತರ ಬಂದುಬಿಟ್ಟರೆ? ಆ ಮಾತು ಬಾಯಿಂದ ಬಾಯಿಗೆ ಹಬ್ಬಿದರೆ ಸುತ್ತಮುತ್ತ ಇನ್ಯಾರು ಅವನನ್ನು ಶುಭಕಾರ್ಯಕ್ಕೆ ಕರೆದಾರು? ಅವನಿಗೆ ಗೊತ್ತಿದ್ದದ್ದು ಇದೊಂದೇ ಕೆಲಸ. ಕಂಪ್ಯೂಟರಿನಲ್ಲೇ ಪಕ್ಕದ ಗೋಡೆಯ ತುಂಡು ತೆಗೆದು ಮುದುಕಿಯ ಮೇಲೆ ಮೆತ್ತಿದ. ಆಲ್ಬಮ್ ಹಾಗೆಯೇ ಹೋಯಿತು.

ಹೆದರಲು ಇನ್ನೊಂದು ಕಾರಣವೂ ಇತ್ತು. ಆ ಕ್ಯಾಮೆರಾ ಸತ್ತವರದು. ಕುಣಿಗಲ್ಲಿನಲ್ಲಿ ಮಹಾಲಿಂಗಯ್ಯ ಎಂಬ ಹಿರಿಯ ಫೋಟೋಗ್ರಾಫರ್ ಇದ್ದರು. ರಂಗರಾಜು ಕೆಲಸ ಕಲಿತದ್ದು ಅವರ ಬಳಿಯೇ. ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಅವರ ಡಿಜಿಟಲ್ ಕ್ಯಾಮೆರಾಗೆ ರಂಗರಾಜುವಿನ ರೀಲ್ ಕಾಲದ ಲೆನ್ಸೂ ಫ್ಲ್ಯಾಶೂ ಸರಿಯಾಗಿ ಕೂರುತ್ತಿದ್ದವು, ಬರೀ ಬಾಡಿ ತಗೊಂಡರೆ ಸಾಕಿತ್ತು. ಲೆನ್ಸ್ ಇಲ್ಲದ ಕ್ಯಾಮೆರಾಗೆ ಈ ಕಸುಬಿನವರು ಬಾಡಿ ಎನ್ನುತ್ತಾರೆ. ಮಹಾಲಿಂಗಯ್ಯನವರ ಹೆಂಡತಿ ಭದ್ರಮ್ಮನಿಗೆ ಗಂಡನ ಬಾಯಿಂದ ಆ ಮಾತು ರೂಢಿಯಾಗಿತ್ತು. ಮಂಜುಳಾಗೆ ಆಗಿರಲಿಲ್ಲ. ಭದ್ರಮ್ಮ ಫೋನ್ ಮಾಡಿದಾಗ ಎತ್ತಿಕೊಂಡವಳು ಅವಳೇ.

“ನಮ್ಮೆಜಮಾನ್ರ ಬಾಡಿ ಇನ್ನೂ ಮನೇಲೇ ಅದೆ ಕಣವ್ವ. ರಂಗರಾಜು ಬಂದು ಬೇಗ ತಗೊಂಡೋಗ್ಲಿ. ನನ್ ಕೈಲಿ ಅದನ್ನ ನೋಡಕಾಯ್ತಿಲ್ಲ.”

ತಿಥಿ ಊಟ ಉಂಡು ಬಂದು ತಿಂಗಳಾಗಿದ್ದ ಮಂಜುಳ ರಿಸೀವರ್ ಬಿಟ್ಟು ಕಿರುಚಿದ ಕಿರುಚಾಟಕ್ಕೆ ಅಕ್ಕಪಕ್ಕದವರೆಲ್ಲ ಓಡಿ ಬಂದಿದ್ದರು. ಆಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ರಂಗರಾಜುವಿಗೆ ಆ ಮಾತು ನೆನಪಾಗಿ ನಗು ಬರಲಿಲ್ಲ.

ಆಯುಧಪೂಜೆಯ ದಿನ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫೋಟೋ ಹೊಡೆದು ಬಂದ. ಕಂಪ್ಯೂಟರ್ ಹಾಕುವ ಮೊದಲು ದೇವರಿಗೆ ಕೈ ಮುಗಿದ. ಮೆಷಿನ್ನಿಗೆ ಹೂವಿನ ಹಾರ, ಕುಂಬಳಕಾಯಿ, ಸಾಲಾಗಿ ನಿಂತ ಕೆಲಸಗಾರರು. ಸಾಲಿನಿಂದ ಸ್ವಲ್ಪ ದೂರ, ಎಡಗಡೆಯ ಅಂಚಿನಲ್ಲಿ, ಇನ್ನೊಬ್ಬ. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು, ತಲೆ ಒಂದಿಷ್ಟು ವಾಲಿಸಿಕೊಂಡು ನಿಂತಿದ್ದ. ಕಿಂಡಿಗೆ ಕಣ್ಣು ಹಚ್ಚುವ ಮುಂಚೆ ಮಹಾಲಿಂಗಯ್ಯನವರು ಕನ್ನಡಕ ಏರಿಸಿಕೊಳ್ಳುತ್ತಿದ್ದದ್ದು ಥೇಟ್ ಹಾಗೆಯೇ. ರಂಗರಾಜು ಮುಖವನ್ನು ದೊಡ್ಡದು ಮಾಡಿ ನೋಡಲು ಹೋಗಲಿಲ್ಲ. ಮಾನಿಟರ್ ಆರಿಸಿ, ಹಾಡುಹಗಲಲ್ಲೇ ಸ್ಟುಡಿಯೋದ ಲೈಟುಗಳನ್ನೆಲ್ಲ ಹಾಕಿಕೊಂಡು ಕೂತ.

ಆಮೇಲೆ ಕ್ಯಾಮೆರಾ ಮುಟ್ಟುವುದೇ ಕಷ್ಟವಾಯಿತು. ಕಿಂಡಿಯಲ್ಲಿ ಕಾಣುವವರನ್ನು ಕಂಡು ಅವನಿಗೆ ಭಯವಿರಲಿಲ್ಲ. ಯಾರೂ ಇಲ್ಲದೆ ಖಾಲಿ ಕಾಣುವ ಎಡಗಡೆಯನ್ನು ಕಂಡರೆ ಅಲ್ಲಿ ಯಾರು ನಿಂತಿದ್ದಾರೋ ಎಂದು ಭಯವಾಗುತ್ತಿತ್ತು. ಕೊನೆಗೆ ಹೆಂಡತಿಗೆ ಹೇಳಿಯೇಬಿಟ್ಟ. ಮಂಜುಳ ನಗಲಿಲ್ಲ.

“ಅವ್ರಿಗೆ ಅದ್ರ ಮ್ಯಾಲೆ ಆಸೆ ಇತ್ತು ಕಣ್ರೀ. ಬುಟ್ಟು ಹೋಗ್ನಿಲ್ಲ ಅವ್ರು. ಕೊಟ್ಬುಡಿ ಅದನ್ನ. ಹೊಸಾದು ತಗಳಿ.”

“ಬರೀ ಬಾಡಿ ಬದಲಾಯಿಸಿದ್ರೆ ಆಯ್ತು. ಲೆನ್ಸು, ಫ್ಲ್ಯಾಶು ನಮ್ದೇ ಅಲ್ವಾ?”

“ಬ್ಯಾಗು ಯಾರ್ದು? ಆ ಕುತ್ತಿಗೆ ಬೆಲ್ಟು? ಅವ್ರ ಬೆವರು ಕುಡ್ದೈತೆ ಅದು. ಚಾರ್ಜರ್ರು, ಕಾರ್ಡು, ಅವ್ರು ಮುಟ್ಟಿದ್ದು ಒಂದು ದಾರಾನೂ ಬ್ಯಾಡ ನಮ್ಗೆ.”

ಒಂದು ವಾರ ರಂಗರಾಜು ಹಿಂದೆ ಮುಂದೆ ನೋಡಿದ. ಕೆಲಸಕ್ಕೆ ಆ ಹಳೇ ಬಾಡಿಯೇ ಧಾರಾಳವಾಗಿತ್ತು. ಹೊಸದು ತಂದರೆ ಹಳೇ ಫ್ಲ್ಯಾಶ್ ಅದಕ್ಕೆ ಹೊಂದುವುದಿಲ್ಲ, ಕಾರ್ಡೂ ಬೇರೆ. ಒಂದನ್ನು ಬದಲಾಯಿಸಹೋದರೆ ಎಲ್ಲವನ್ನೂ ಬದಲಾಯಿಸಬೇಕು. ಅದಕ್ಕಿಂತ ಹೆಚ್ಚಾಗಿ, ಗುರುಗಳ ವಸ್ತುವನ್ನು ಹೊರಗೆ ಹಾಕಿದರೆ ಅವರಿಗೆ ಇನ್ನಷ್ಟು ಸಿಟ್ಟು ಬಂದರೆ ಏನು ಗತಿ ಎನ್ನುವ ಹೆದರಿಕೆ. ಇಟ್ಟುಕೊಂಡರೂ ಭಯ, ಕೊಟ್ಟರೂ ಭಯ. ಆದರೆ ಕಾರ್ತೀಕದ ಮದುವೆಗಳು ಎದುರಿಗಿದ್ದವು, ತೀರ್ಮಾನ ಮಾಡಲೇಬೇಕಿತ್ತು.

ತುಮಕೂರಿನಲ್ಲಿ ವಾದಿರಾಜ ಎಂಬವನ ಕ್ಯಾಮೆರಾ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಬಸ್ಸಿನಲ್ಲಿ ಮಂಜುಳ ಆ ಬ್ಯಾಗನ್ನು ತನ್ನ ಕಾಲಿನ ಹತ್ತಿರವೂ ಇಡಗೊಡಲಿಲ್ಲ. ಅಂಗಡಿಯ ಒಳಕ್ಕೂ ಬರಲಿಲ್ಲ. ಅದನ್ನು ಅವರ ಕೈಗೆ ಕೊಟ್ಟಮೇಲೆ ಬರುತ್ತೇನೆ, ಅಷ್ಟರಲ್ಲಿ ಹೂವು ತರುತ್ತೇನೆ ಎಂದು ರಸ್ತೆ ದಾಟಿದಳು.

ವಾದಿರಾಜ ಹಳೇ ಬಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಇನ್ನೂ ಒಳ್ಳೇ ಕಂಡೀಷನ್‌ನಲ್ಲಿದೆಯಲ್ಲ ಸಾರ್. ಯಾಕೆ ಕೊಡ್ತಿದ್ದೀರಿ?”

“ಸುಮ್ನೆ ಸಾರ್. ಹೊಸಾದು ಬೇಕು ಅನ್ನಿಸ್ತು.”

ವಾದಿರಾಜ ಸೀಲು ಒಡೆದು ಹೊಸ ಬಾಡಿ ತೆಗೆದ. ಯಾರೂ ಮುಟ್ಟಿರದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ರಂಗರಾಜುವಿನ ಎದೆಯ ಮೇಲಿನ ಭಾರ ಇಳಿದಂತಾಯಿತು. ಇದರಲ್ಲಿ ಯಾವ ಸತ್ತವರೂ ಇಲ್ಲ. ಲೆನ್ಸ್ ಹಾಕಿ, ಕೌಂಟರಿನ ಹಿಂದೆ ನಿಂತು, ಎಡಗಣ್ಣು ಮುಚ್ಚಿ ಅಂಗಡಿಯ ಬಾಗಿಲಿನ ಕಡೆಗೆ ಹಿಡಿದ. ನಡುವೆ ಬಾಗಿಲು, ಆಚೆ ರಸ್ತೆ, ಆಟೋ, ಎಡಗಡೆ ಕಂಬ. ಒತ್ತಿದ. ಹಿಂದಿನ ಪರದೆಯಲ್ಲಿ ಫೋಟೋ ಮೂಡಿತು. ಕಂಬಕ್ಕೆ ಒರಗಿಕೊಂಡು ಒಬ್ಬಳು ಹೆಂಗಸು ನಿಂತಿದ್ದಳು.

ಇಲ್ಲಿಗೂ ಬಂದರು ಎಂದುಕೊಂಡ. ಆಮೇಲೆ ಸೀರೆಯ ಬಣ್ಣ ಗೊತ್ತಾಯಿತು. ಕತ್ತೆತ್ತಿ ನೋಡಿದರೆ, ಕಂಬದ ಪಕ್ಕದಲ್ಲಿ ಹೂವಿನ ಪೊಟ್ಟಣ ಹಿಡಿದುಕೊಂಡು ಮಂಜುಳ.

“ಯಾವಾಗ ಬಂದ್ಯೇ?”

“ಆವಾಗ್ಲೇ ಬಂದೆ. ನನ್ ಕಡೀಕೇ ತಾನೆ ಕ್ಯಾಮ್ರಾ ಹಿಡಿದ್ರಿ?”

“ನಾನು ನೋಡ್ದಾಗ ನೀನಿರ್ಲಿಲ್ಲ.”

“ಇದ್ರು ಸಾರ್,” ಎಂದ ವಾದಿರಾಜ. “ನೀವು ಮೇಡಮ್ಮೋರ ಫೋಟೋನೇ ತೆಗೀತಿದ್ದೀರಿ ಅಂದ್ಕೊಂಡೆ.”

ರಂಗರಾಜು ಮತ್ತೆ ಕಿಂಡಿಗೆ ಬಲಗಣ್ಣು ಹಚ್ಚಿದ. ನಡುವಿನ ಬಾಗಿಲಿನ ಮೇಲೆ ದೃಷ್ಟಿ ಇಟ್ಟ. ಬಾಗಿಲು, ರಸ್ತೆ, ಕಂಬ. ಕಂಬದ ಹತ್ತಿರ ಯಾರೂ ಇಲ್ಲ.

“ಮಂಜುಳಾ, ಅಲ್ಲೇ ಇದ್ದೀಯಾ?”

“ಹೂಂ ಕಣ್ರೀ.”

ಯಾರೂ ಇಲ್ಲದ ಕಂಬದಿಂದ ಹೆಂಡತಿಯ ದನಿ ಬಂತು. ಹೆಬ್ಬೂರಿನ ಮುದುಕಿಯೂ ಹಿರೇಹಳ್ಳಿಯ ಕನ್ನಡಕದವನೂ ಅವನನ್ನು ಇಷ್ಟು ಹೆದರಿಸಿರಲಿಲ್ಲ. ಮೆಲ್ಲಗೆ ಕ್ಯಾಮೆರಾ ಇಳಿಸಿ, ಬರಿಗಣ್ಣಿನಲ್ಲೇ ನಡುವೆ ನೋಡುತ್ತ ನಿಂತು ಎಡಗಣ್ಣು ತೆರೆದ. ಮಂಜುಳ ಬಂದಳು. ಮುಚ್ಚಿದ. ಹೋದಳು. ಕಪ್ಪಗಾಗಲಿಲ್ಲ, ಮಸುಕಾಗಲಿಲ್ಲ, ಅವಳಿದ್ದ ಜಾಗದಲ್ಲಿ ಸುತ್ತಲಿನ ಬಣ್ಣವೇ ತುಂಬಿಕೊಂಡಿತು. ಕಣ್ಣುಗುಡ್ಡೆಯನ್ನು ನೇರ ಅವಳತ್ತ ಹೊರಳಿಸಿದರೆ ಮಾತ್ರ ಕಾಣಿಸುತ್ತಿದ್ದಳು. ದೆವ್ವ ಬಾಡಿಯಲ್ಲಿರಲಿಲ್ಲ. ಹೊಸ ಕ್ಯಾಮೆರಾವನ್ನು ಬೀಳಿಸಿಬಿಟ್ಟೇನು ಎಂಬ ಭಯಕ್ಕೆ ಕೌಂಟರಿನ ಮೇಲಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತ. “ನನ್ ಕಣ್ಣು ಹೋಯ್ತಾ ಅದೆ ಕಣೇ,” ಎಂದ.

ಅಂಗಡಿಯಿಂದ ನೇರವಾಗಿ ಕಣ್ಣಾಸ್ಪತ್ರೆಗೇ ಹೋದರು. ಅಲ್ಲಿನ ಡಾಕ್ಟರಮ್ಮ ಒಂದು ಮೆಷಿನ್ನಿನ ಮುಂದೆ ಅವನ ಗಲ್ಲ ಊರಿಸಿ ಕೂರಿಸಿದರು. ಒಳಗೆ ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಟನ್ ಒತ್ತುವುದನ್ನೇ ಜೀವನ ಮಾಡಿಕೊಂಡವನು ಕಾಣದ ಬೆಳಕಿಗೆ ಕಾದು ಕಾದು ಬೆವೆತ.

“ಲೆನ್ಸ್ ಹಾಕ್ಸುದ್ರೆ ಸರಿಹೋಗಲ್ವಾ ಡಾಕ್ಟ್ರೇ?” ಎಂದು ಮಂಜುಳ ಕೇಳಿದಳು. ಅವರ ಬೀದಿಯ ಗಿರಿಯಮ್ಮನಿಗೆ ಪೊರೆ ತೆಗೆದು ಲೆನ್ಸ್ ಹಾಕಿದ್ದರು.

“ಲೆನ್ಸ್ ಚೆನ್ನಾಗೇ ಇದೆಯಮ್ಮ. ಕಣ್ಣಿನೊಳಗೆ ಪ್ರೆಷರ್ ಜಾಸ್ತಿಯಾಗಿ ಹಿಂದಿನ ನರ ಒಣಗ್ತಿದೆ. ಹೋಗಿದ್ದು ವಾಪಸ್ ಬರಲ್ಲ. ದಿನಾ ತಪ್ಪದೆ ಡ್ರಾಪ್ಸ್ ಹಾಕಿದ್ರೆ ಉಳಿದಿದ್ದನ್ನ ಉಳಿಸ್ಕೋಬಹುದು. ಎಡಗಣ್ಣಿಗೂ ಹಾಕಿ, ಅದ್ರಲ್ಲೂ ಪ್ರೆಷರ್ ಇದೆ.” ಡಾಕ್ಟರಮ್ಮ ರಂಗರಾಜುವಿನ ಕಡೆ ತಿರುಗಿದರು. “ಎರಡೂ ಕಣ್ಣು ತೆರ್ಕೊಂಡಿದ್ರೆ ಇದು ಗೊತ್ತೇ ಆಗಲ್ಲ. ತುಂಬಾ ಜನ ಪೂರ್ತಿ ಹೋದ್ಮೇಲೆ ಬರ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?”

ಮಂಜುಳ ಕಣ್ಣೊರೆಸಿಕೊಂಡು ಹೇಳಿದಳು: “ಕುಣಿಗಲ್ ಮಹಾಲಿಂಗಯ್ಯನೋರು ತೋರ್ಸ್‌ಕೊಟ್ರು.”

ಹೊಸ ಬಾಡಿ ಅಂಗಡಿಯಲ್ಲೇ ಉಳಿಯಿತು. ಗುಬ್ಬಿಯ ಬಸ್ಸಿನಲ್ಲಿ ಹಳೇ ಬ್ಯಾಗನ್ನು ಮಂಜುಳ ತೊಡೆಯ ಮೇಲಿಟ್ಟುಕೊಂಡು ಕೂತಳು. ರಂಗರಾಜು ಎಡಗಣ್ಣಿನಲ್ಲಿ ನೋಡಿ ಹೊಡೆಯುವುದನ್ನು ಕಲಿಯತೊಡಗಿದ. ಎಡಗಣ್ಣು ಹಚ್ಚಿದರೆ ಮೂಗು ಹಿಂದಿನ ಪರದೆಗೆ ಒತ್ತಿ ಜಿಡ್ಡು ಹತ್ತುತ್ತಿತ್ತು, ಮುಹೂರ್ತದ ಹೊತ್ತಿಗೆ ಸರಿಯಾಗಿ ಕೈ ತಡವರಿಸುತ್ತಿತ್ತು. ಹೆಬ್ಬೂರಿನ ಫೋಟೋವನ್ನು ಮುದುಕಿಯ ಸಮೇತ ಇನ್ನೊಮ್ಮೆ ಪ್ರಿಂಟ್ ಹಾಕಿಸಿ ತಾನೇ ಕೊಂಡುಹೋದ. ಬಾಗಿಲು ತೆರೆದವಳು ಅವಳೇ, ಮಗುವಿನ ಮುತ್ತಜ್ಜಿ ನರಸಿಂಹಮ್ಮ. ದಿಟವಾಗಿ ಬದುಕಿದ್ದಾಳೆ ಎಂದು ತಿಳಿದೂ ಅವನ ಕಾಲು ಒಂದು ಗಳಿಗೆ ಹೊಸಿಲಿನ ಆಚೆಯೇ ನಿಂತಿತು.

“ಆಲ್ಬಮ್ನಾಗೆ ನಾನ್ಯಾಕಪ್ಪ ಇಲ್ಲ ಅಂತಿದ್ದೆ,” ಎಂದಳು ಮುದುಕಿ. “ಮುಂಡೆಮುಖ ಅಂತ ತೆಗೆದಾಕ್ದೆ ಅಂದ್ಕಂಡೆ.”

“ಇಲ್ಲಜ್ಜಿ. ನಂಗೆ ಕಾಣಿಸ್ನಿಲ್ಲ,” ಎಂದ. ಅದಕ್ಕಿಂತ ಹೆಚ್ಚು ಹೇಳಲು ನಾಚಿಕೆಯಾಯಿತು.

ಹೆದರಿಕೆ ಮಾತ್ರ ಹೋಗಲಿಲ್ಲ, ಮನೆಯೊಳಗೇ ಬಂದು ಸೇರಿಕೊಂಡಿತು. ತಿಂಗಳಿಗೊಮ್ಮೆ ರಂಗರಾಜು ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಾಗಿಲ ಚಿಲಕದ ಮೇಲೆ ದೃಷ್ಟಿ ನೆಡುತ್ತಿದ್ದ. ಮಂಜುಳ ಎಡಗಡೆಯ ಮೂಲೆಯಿಂದ ಗೋಡೆಗುಂಟ ಬಾಗಿಲ ಕಡೆಗೆ ಒಂದೊಂದೇ ಹೆಜ್ಜೆ ಇಡಬೇಕು. ಕಾಣಿಸಿದ ಕೂಡಲೇ ಅವನು ‘ಬಂದೆ’ ಎನ್ನಬೇಕು. ಮೊದಲ ತಿಂಗಳು ಅವಳು ಆ ಗೋಡೆಯ ನಡುವೆ ತೂಗುಹಾಕಿದ್ದ ಕ್ಯಾಲೆಂಡರಿನ ಹತ್ತಿರ ಬಂದಾಗ ಕಾಣಿಸಿದ್ದಳು. ಆಮೇಲೂ ಪ್ರತಿ ಸಲ ಕ್ಯಾಲೆಂಡರಿನ ಹತ್ತಿರವೇ ಅವನು ಬಂದೆ ಎನ್ನುತ್ತಿದ್ದ. ಆ ಗುರುತು ಅಲ್ಲಿಂದ ಬಾಗಿಲ ಕಡೆಗೆ ಸರಿಯದಿರಲಿ ಎಂದು ಇಬ್ಬರೂ ಬೇಡಿಕೊಳ್ಳುತ್ತಿದ್ದರು.

ಒಂದು ತಿಂಗಳು ಅವನು ಇನ್ನೂ ಮುಂಚೆಯೇ, ಅವಳು ಕ್ಯಾಲೆಂಡರಿಗೆ ಎರಡು ಹೆಜ್ಜೆ ದೂರದಲ್ಲಿದ್ದಾಗಲೇ, ಬಂದೆ ಎಂದುಬಿಟ್ಟ. ಕಣ್ಣು ಸರಿಹೋಗುತ್ತಿದೆ ಎಂದು ಮಂಜುಳಾಗೆ ಮೊದಲು ಸಂತೋಷವಾಯಿತು. ಹೋಗಿದ್ದು ವಾಪಸ್ ಬರಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಆಮೇಲೆ ನೆನಪಾಯಿತು. ತನ್ನ ಕೈಬಳೆಗಳನ್ನು ನೋಡಿಕೊಂಡಳು. ಗಂಡ ಎಷ್ಟು ತಿಂಗಳಿಂದ ಬಳೆಯ ಸದ್ದು ಕೇಳಿಕೊಂಡು ಅಂದಾಜಿನಲ್ಲಿ ಹೇಳುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಅವನು ಕುರ್ಚಿಯಲ್ಲಿ ಕೂತು ಎಡಗಣ್ಣು ಮುಚ್ಚಿದಾಗ, ಮಂಜುಳ ಬಳೆಗಳನ್ನು ಮೊಣಕೈವರೆಗೂ ಏರಿಸಿ ಇನ್ನೊಂದು ಕೈಯಿಂದ ಬಿಗಿಯಾಗಿ ಅದುಮಿ ಹಿಡಿದಳು. ಸೆರಗು ಸದ್ದಾಗದಂತೆ ಸಿಕ್ಕಿಸಿಕೊಂಡಳು. ಬರಿಗಾಲಲ್ಲಿ ಹೊರಟಳು. ರಂಗರಾಜು ಚಿಲಕವನ್ನೇ ನೋಡುತ್ತ ಕಿವಿ ನಿಮಿರಿಸಿಕೊಂಡು ಕೂತಿದ್ದ. ಏನೂ ಕೇಳಿಸಲಿಲ್ಲ.

“ಮಂಜುಳಾ, ಹೊರಟ್ಯಾ?” ಎಂದ.

ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಕ್ಯಾಲೆಂಡರ್ ಅವಳ ಬೆನ್ನ ಹಿಂದೆ ಉಳಿದಿತ್ತು.