ಕುರುಡು ಸ್ಕೌಸ್

ಲಿವರ್‌ಪೂಲಿನ ಹಡಗುಕಟ್ಟೆಯ ಆ ಬೀದಿಯಲ್ಲಿ ವಿನಿ ರಿಮ್ಮರ್‌ಳ ಬಾಯಿಗೆ ಹೆದರದವರಿರಲಿಲ್ಲ. ಮೀನು ಮಾರುವವನನ್ನೂ ಪಾದ್ರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬಾಯಿ ಅದು. ಗಂಡ ತೀರಿಕೊಂಡ ಮೇಲೂ ಸೋತಿರಲಿಲ್ಲ. ಆದರೆ ಒಂದೇ ಒಂದು ಸಂಗತಿ ಮಾತ್ರ ಆ ಬಾಯಿಂದ ಎಂದೂ ಹೊರಬಿದ್ದಿರಲಿಲ್ಲ. ಕಡೆಗೆ ಅದನ್ನು ಹೇಳಿದ್ದು ಮಗಳು ಕೊಲೆಟ್‌ಗೆ. ಲಂಡನ್ನಿನ ವೇದಿಕೆಗಳಲ್ಲಿ ಜನರನ್ನು ನಗಿಸಿ ಹೊಟ್ಟೆ ಹೊರೆಯುವ ಮಗಳು ಎಷ್ಟು ಸೊರಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂಬ ಮರುಕದಲ್ಲಿ, ಒಲೆಯ ಮುಂದೆ.

“ಅಮ್ಮಾ, ನಮ್ಮನ್ನ ಯಾಕೆ ಸ್ಕೌಸ್ ಅಂತಾರೆ?”

“ಅಯ್ಯೋ ಪೆದ್ದಿ, ಮೂಗಿಗೇ ಬಡೀತಿದೆಯಲ್ಲೇ! ಈ ಮಾಂಸದ ಸಾರೇ ಸ್ಕೌಸು. ಬಡಗಣ ಕಡಲಿನ ನಾವಿಕರು ತಂದಿದ್ದು, ಲಾಬ್‌ಸ್ಕೌಸ್ ಅಂತ. ಅಷ್ಟುದ್ದ ಕರೆಯೋಕೆ ನಮಗೆಲ್ಲಿ ಪುರುಸೊತ್ತು? ತಲೆ ಕಡಿದ್ವಿ. ಇದನ್ನ ತಿನ್ನೋ ಬಡವರನ್ನ ಸ್ಕೌಸರ್ ಅಂತ ಹಂಗಿಸಿದ್ರು. ಆಮೇಲೆ ಊರೂ ಸ್ಕೌಸು, ನಾವಾಡೋ ಮಾತೂ ಸ್ಕೌಸು. ಬೈಗುಳಾನ ತೊಳೆದು ಮುಡ್ಕೊಂಡ್ವಿ ಕಣೇ.”

“ಮತ್ತೆ ಕುರುಡು ಸ್ಕೌಸ್ ಅಂದ್ರೆ?”

ವಿನಿಯ ಸೌಟು ನಿಂತಿತು. “ಮಾಂಸ ಇಲ್ಲದ್ದು. ನಿಮ್ಮಪ್ಪಂಗೆ ಕಟ್ಟೇಲಿ ಕೆಲಸ ಇಲ್ಲದ ವರ್ಷ ಅದೇ ಗತಿ. ಬರೀ ಆಲೂಗಡ್ಡೆ, ಕ್ಯಾರೆಟ್ಟು. ಗೋಡೆ ಆಚೆ ಪಕ್ಕದ್ಮನೆ ಟೆರೀಸಾ ಕಿವಿ ಬೇರೆ! ಅದಕ್ಕೇ ದಿನಾ ಖಾಲಿ ಹಲಗೆ ಮೇಲೆ ಕತ್ತೀಲಿ ದಡ್ ದಡ್ ಅಂತ ಕೊಚ್ತಿದ್ದೆ, ಮೂಳೆ ಕಡಿಯೋ ಹಾಗೆ. ‘ಇವತ್ತೂ ಮಾಂಸಾನಾ? ರಾಣಿ ಕಣೇ ನೀನು’ ಅನ್ನೋಳು ಪಾಪ. ನನ್ನಾಣೆ, ಯಾರಿಗೂ ಹೇಳ್ಬೇಡ.”

“ಹೇಳ್ತೀನಾ ಅಮ್ಮಾ?” ಎಂದು ಮಗಳು ಕೊರಳು ತಬ್ಬಿದ್ದಳು.

ಚಳಿ ಕಳೆಯುತ್ತಲೇ ಕೊಲೆಟ್ ತನ್ನ ನಗೆ ಕಾರ್ಯಕ್ರಮವನ್ನು ಊರಿನ ಕ್ಲಬ್ಬಿಗೇ ತಂದಳು. ವಿನಿ ಒಳ್ಳೆಯ ಕೋಟು ತೊಟ್ಟು, ಟೆರೀಸಾಳನ್ನೂ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಮಗಳು ಏಪ್ರನ್ ಕಟ್ಟಿ, ವಿನಿಯದೇ ರಾಗ ಎಳೆಯುತ್ತ ವೇದಿಕೆಗೆ ಬಂದಳು. ಕೈಯಲ್ಲಿ ಕತ್ತಿ, ಎದುರಿಗೆ ಖಾಲಿ ಹಲಗೆ. ದಡ್, ದಡ್. “ಟೆರೀಸಾ, ಕೇಳಿಸ್ತೇನೇ? ಇವತ್ತೂ ಮಾಂಸ!” ಜನ ಬಿದ್ದು ಬಿದ್ದು ನಕ್ಕರು.

ಟೆರೀಸಾ ನಗಲಿಲ್ಲ. ಮೆಲ್ಲಗೆ ತಿರುಗಿ ವಿನಿಯ ಕೈ ಹಿಡಿದಳು. “ಒಂದು ಮಾತು ಹೇಳಿದ್ರೆ ನಾನೇ ಒಂದು ಬಟ್ಟಲು ಕೊಡ್ತಿರ್ಲಿಲ್ವೇನೇ?”

ಆ ಮರುಕಕ್ಕೆ ಹೆದರಿಯೇ ಅಲ್ಲವೇ ವಿನಿ ಅಷ್ಟು ದಿನ ಹಲಗೆ ಸವೆಸಿದ್ದು?

ಮರುದಿನ ಕೊಲೆಟ್ ಅಡಿಗೆಮನೆಗೆ ಬಂದಳು. “ಪ್ರೀತಿಯಿಂದ ಮಾಡಿದ್ದಮ್ಮಾ. ನಿನ್ನನ್ನ ಎಷ್ಟು ಮೆಚ್ಕೊಂಡ್ರು ಗೊತ್ತಾ? ಬೈಯೋದಿದ್ರೆ ಬೈದುಬಿಡು.”

ವಿನಿ ತಟ್ಟೆಯಿಟ್ಟಳು. ತುಂಬ ಮಾಂಸ ಹಾಕಿದ ಸ್ಕೌಸು, ಬದಿಯಲ್ಲಿ ಹುಳಿಹಾಕಿದ ಕೆಂಪು ಕೋಸು. ಆಮೇಲೆ, ಡಾಕ್ಟರಂಥ ಹೊರಗಿನವರ ಮುಂದೆ ಮಾತ್ರ ತೆಗೆಯುತ್ತಿದ್ದ, ಊರಿನ ರಾಗವಿಲ್ಲದ ಇಸ್ತ್ರಿಯ ಮಾತನ್ನು ತೆಗೆದಳು.

“ದಯವಿಟ್ಟು ಊಟ ಮಾಡಿ. ಇನ್ನೂ ಬೇಕಾದರೆ ಸಂಕೋಚವಿಲ್ಲದೆ ಕೇಳಿ.”

“ಅಮ್ಮಾ, ನನ್ ಹತ್ರ ಹೀಗೆ ಮಾತಾಡ್ಬೇಡ...”

“ಚಹಾ ಕೊಡಲೇ?” ವಿನಿ ಕೇಳಿದಳು. “ತಮಗೆ ಸಕ್ಕರೆ ಎಷ್ಟು ಹಾಕಬೇಕು?”