ಹೊಸ್ತಿಲಲ್ಲಿ ಕೇಳಿದ ಓಟು

ಮಕ್ತಲ್‌ನ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು ಪಕ್ಷವೊಂದರ ಕಾರ್ಯಕರ್ತರು. ಚುನಾವಣೆ ಬಂದರೆ ಸಾಕು, ಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸಿ, ಡಬ್ಬಿ ಹೊತ್ತು ಹೊರಟವರಿಗೆಲ್ಲ "ಮರಿಬ್ಯಾಡ್ರಿ, ಒಂದು ಓಟು ನಮಗ" ಎನ್ನುತ್ತಿದ್ದರು. ಪಕ್ಷದಿಂದ ಅವರಿಗೆ ಬಂದದ್ದು ಹೆಗಲ ಮೇಲಿನ ಶಲ್ಯವೊಂದೇ; ಅದರ ತುಂಬ ಹಿಟ್ಟು.

ಪ್ರಚಾರದ ನಡುವೆಯೇ ಅವರ ತಂದೆ ತೀರಿಕೊಂಡರು. ಮೂರನೆಯ ದಿನ ಮಾತಾಡಿಸಲು ಹೋದೆವು. ಸಾವಿನ ಮನೆಯಿಂದ ಹೊರಡುವಾಗ ನಾವು 'ಹೋಗಿ ಬರ್ತೀವಿ' ಎನ್ನಬಾರದು, ಮನೆಯವರು 'ಬರ್ರಿ' ಎನ್ನಬಾರದು. ಸುಮ್ಮನೆ ಎದ್ದೆವು. ಹೊಸ್ತಿಲವರೆಗೆ ಬಂದ ಅವರು ಏನನ್ನಬೇಕೋ ತಿಳಿಯದೆ ಕೈಮುಗಿದರು. ಮುಗಿದದ್ದೇ ತಡ, ಬಾಯಿ ತಾನಾಗಿ ಅಂದುಬಿಟ್ಟಿತು:

"ಮರಿಬ್ಯಾಡ್ರಿ, ಒಂದು ಓಟು ನಮಗ."

ನಾವು ಮುಖ ಮುಖ ನೋಡಿಕೊಂಡೆವು. ಮೂರು ದಿನದಿಂದ ತುಟಿ ಬಿಚ್ಚದೆ ಗೋಡೆಗೊರಗಿದ್ದ ಅವರ ತಾಯಿ ಕಿಸಕ್ಕನೆ ನಕ್ಕರು.

"ಕೇಳ್ಲಿ ಬಿಡ್ರಿ. ಅವರಪ್ಪಂದು ಒಂದು ಓಟು ಕಮ್ಮಿ ಆಗೈತಿ."