ಏಳು ಮುಖದ ವಿಭೂತಿ ಗಟ್ಟಿ

ಜಯಲಕ್ಷ್ಮಮ್ಮ ಮಿಸ್ ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಹಳೇಕೋಟೆ ಕಡೆಯ ಶಾಲೆಗೆ ಬರುವವರು. ಹೆಗಲಲ್ಲೊಂದು ಬಟ್ಟೆ ಚೀಲ, ಅದರೊಳಗೆ ಬೆಂಕಿಪೊಟ್ಟಣ, ಆಲಿಕೆ, ಬುಗುರಿ. ಹುಡುಗಿಯಾಗಿದ್ದಾಗ ಬೋರ್ಡಿನ ಮೇಲೆ ಬರೆದ ಘನವನ್ನು ನೋಡಿ ಇದಕ್ಕೆ ಮೂರೇ ಮುಖ ಎಂದು ಹೇಳಿ ಬೈಸಿಕೊಂಡಿದ್ದರಂತೆ. ಕಂಡದ್ದೇ ಮೂರು, ಮಗು ಇನ್ನೇನು ಹೇಳೀತು? ಅದಕ್ಕೇ ತಮ್ಮ ಮಕ್ಕಳಿಗೆ ಮೊದಲು ವಸ್ತು ಕೈಗೆ ಕೊಡುತ್ತಾರೆ, ಬೋರ್ಡು ಆಮೇಲೆ. ಎಣಿಕೆ ತಪ್ಪಿದರೂ ತಪ್ಪು ಎನ್ನುವುದಿಲ್ಲ. "ಇನ್ನೊಂದ್ಸಲ ಮುಟ್ಟು" ಎನ್ನುತ್ತಾರೆ.

ಇದೆಲ್ಲ ರಂಜಿತಾಗೆ ತಿಳಿದದ್ದು ಮಗಳು ನಿಸರ್ಗಳನ್ನು ಹಾಸನದ ಶಾಲೆ ಬಿಡಿಸಿ ಇಲ್ಲಿಗೆ ಸೇರಿಸಿದ ಮೇಲೆ. ಅಲ್ಲಿ ಒಮ್ಮೆ ತಪ್ಪುತ್ತರ ಹೇಳಿ ಎಲ್ಲರೂ ನಕ್ಕಿದ್ದೇ ಸಾಕಾಗಿ, ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. "ಅವಸರ ಮಾಡ್ಬೇಡವ್ವ, ಮಾತು ಒಳಗೇ ಐತೆ" ಎಂದಷ್ಟೇ ಹೇಳಿದ್ದರು ಮಿಸ್.

ಕಲಿಕಾ ಹಬ್ಬದ ದಿನ ಮಕ್ಕಳು ಮನೆಯಿಂದ ಒಂದೊಂದು ವಸ್ತು ತಂದು, ಕಣ್ಣು ಮುಚ್ಚಿ ಮುಟ್ಟಿ, ಅದರ ಮುಖ, ಅಂಚು, ಶೃಂಗ ಅಂದರೆ ಮೂಲೆ ಎಣಿಸಿ ಹೇಳಬೇಕಿತ್ತು. ಆಯತ ಘನ ಸುಲಭವೆಂದು ರಂಜಿತಾ ಮಾವ ಚನ್ನಬಸವಯ್ಯನವರ ವಿಭೂತಿ ಗಟ್ಟಿ ಕೇಳಿ ತಂದಳು. ಆರು, ಹನ್ನೆರಡು, ಎಂಟು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದಳು.

ಗೌರೀಶ ಬೆಂಕಿಪೊಟ್ಟಣ ಹಿಡಿದು ಪಟಪಟನೆ ಹೇಳಿ ಕೂತ. ನಿಸರ್ಗಳ ಸರದಿ. ಬೆರಳು ಗಟ್ಟಿಯ ಸುತ್ತ ಓಡಾಡುತ್ತಲೇ ಇತ್ತು. ಕಿಟಕಿಯಾಚೆ ನಿಂತ ರಂಜಿತಾ ಸರಳಿಗೆ ಮುಖ ಒತ್ತಿ ನೋಡಿದಳು.

"ಏಳು ಮುಖ" ಎಂದಳು ಹುಡುಗಿ, ಮೆಲ್ಲಗೆ.

"ಸಿವಂಗೇ ಐದು ಮುಖ ಕಣ್ಲಾ, ಇವಳ ಇಬೂತಿಗೆ ಏಳಂತೆ" ಎಂದ ಗೌರೀಶ. ಮಕ್ಕಳೆಲ್ಲ ನಕ್ಕರು. ಆರು ಎನ್ನಲು ರಂಜಿತಾ ಬಾಯಿ ತೆರೆದಳು. ಮಿಸ್ ಅವಳತ್ತ ನೋಡಿ, ಸುಮ್ಮನಿರು ಎಂಬಂತೆ ಕೈ ಆಡಿಸಿದರು.

"ಅಂಚು ಎಷ್ಟವ್ವ?"

"ಹದಿನೈದು."

"ಶೃಂಗ?"

"ಹತ್ತು."

ಮಿಸ್ ಗಟ್ಟಿ ಇಸಕೊಂಡು, ತಾವೂ ಕಣ್ಣು ಮುಚ್ಚಿ ನಿಧಾನವಾಗಿ ಎಣಿಸಿದರು. ಆಗ ರಂಜಿತಾಗೆ ಹೊಳೆಯಿತು. ಮಾವ ದಿನಾ ಎಡ ಅಂಗೈಗೆ ನೀರು ಹಾಕಿಕೊಂಡು ಗಟ್ಟಿಯ ಅದೇ ಒಂದು ಮೂಲೆಯನ್ನು ತೇಯುತ್ತಾರೆ. ಮೂಲೆ ಸವೆದು ಅಲ್ಲೊಂದು ತ್ರಿಕೋನದ ಮುಖವೇ ಮೂಡಿತ್ತು.

"ಒಂದು ಮೂಲೆ ಓಗಿ ಮೂರಾಗವೆ" ಎಂದರು ಮಿಸ್. "ಇವ್ಳು ಬಾಯಿಪಾಠ ಒಪ್ಪಿಸ್ಲಿಲ್ಲ, ಕೈಗೆ ಸಿಕ್ಕಿದ್ದ ಹೇಳವ್ಳೆ. ಏಳೇ ಸರಿ. ಗೌರೀಶ, ಬಾ, ನೀನೂ ಮುಟ್ಟು."

"ಇದರ ಹೆಸರೇನು ಮಿಸ್?" ನಿಸರ್ಗ ತಾನಾಗಿಯೇ ಕೇಳಿದಳು.

"ನಂಗೂ ಗೊತ್ತಿಲ್ಲ ಕಣವ್ವ. ಇಬ್ರೂ ಹುಡುಕಾನ."

ಸಂಜೆ ಬಸ್ ಸ್ಟಾಪಿನಲ್ಲಿ ರಂಜಿತಾ ಮಿಸ್ ಕೈ ಹಿಡಿದುಕೊಂಡಳು. "ನಾನೇ ಆರು ಅಂತ ಕಲಿಸಿ ಕಳಿಸಿದ್ದೆ ಮಿಸ್" ಎಂದಳು.

"ಗೊತ್ತು ಬುಡವ್ವ, ಕಿಟಕೀಲಿ ನಿನ್ನ ಬಾಯಿ ನೋಡ್ದೆ. ನಿಮ್ಮ ಮಾವನೋರಿಗೆ ಹೇಳು, ಇನ್ನೊಂದು ಮೂಲೆ ತೇಯ್ದ್ರೆ ಮತ್ತೆ ಎಣಿಸ್ಬೇಕಾಯ್ತದೆ."

ನಗುತ್ತಲೇ ಬಸ್ ಹತ್ತಿದರು. ರಸ್ತೆಯಾಚೆ ನಿಸರ್ಗ ಕೂಗುತ್ತಿದ್ದಳು: "ಲೇ ಗೌರೀಶ, ನಿನ್ನ ಬೆಂಕಿಪೊಟ್ಟಣ ತತ್ತಾ ಇಲ್ಲಿ, ಸರಿಯಾಗಿ ಎಣಿಸಿದ್ದೀಯೋ ಇಲ್ವೋ ನೋಡ್ತೀನಿ."

ಬೀದಿಯಲ್ಲಿ ಹೀಗೆ ಕೂಗಬೇಡ ಎನ್ನುವ ರಂಜಿತಾ ಆವತ್ತು ಹೋಗುತ್ತಿದ್ದ ಬಸ್ಸಿಗೆ ಕೈ ಮುಗಿದು, ಮಗಳ ಜಗಳ ಮುಗಿಯುವವರೆಗೂ ಅಲ್ಲೇ ಕಾದಳು.